ಹೌಟಲಾ ಮಿಸ್ ಕಟ್ಟಿದ ವರ್ಷಗಳ ಏಣಿ

ಯಾರಾದರೂ ಯಾವ ವಸ್ತುವಿನ ಬೆಲೆಯನ್ನಾದರೂ ಬಾಯಿಬಿಟ್ಟು ಹೇಳಿದರೆ ಸಾಕು, ಹೌಟಲಾ ಮಿಸ್ ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ, "ಯಾವ ವರ್ಷದ ಡಾಲರು?" ಎಂದು ಕೇಳುತ್ತಿದ್ದರು. ಅದರಲ್ಲಿ ಕುಚೋದ್ಯವಿರಲಿಲ್ಲ, ಪಾಂಡಿತ್ಯದ ಪ್ರದರ್ಶನವೂ ಇರಲಿಲ್ಲ. ಊರಿನ ಹೆಸರು ಕಿವಿಗೆ ಬಿದ್ದೊಡನೆ ಅದು ಯಾವ ಜಿಲ್ಲೆ ಎಂದು ವಿಚಾರಿಸುವಷ್ಟು ಸಹಜವಾಗಿ ಆ ಪ್ರಶ್ನೆ ಅವರ ಬಾಯಿಂದ ಬರುತ್ತಿತ್ತು. ಒಮ್ಮೆ ಭಾನುವಾರದ ಪ್ರವಚನದ ನಡುವೆ ನಮ್ಮ ಪಾದ್ರಿಗಳು, ಚರ್ಚಿನ ಆರ್ಗನ್ನನ್ನು ಹಿರಿಯರು ಬರೀ ನಾನೂರು ಡಾಲರಿಗೆ ತರಿಸಿದ್ದರೆಂದು ಅಭಿಮಾನದಿಂದ ಹೇಳಿದಾಗ, ಮೂರನೆಯ ಸಾಲಿನಿಂದ ಆ ಪ್ರಶ್ನೆ ಎದ್ದುಬಂತು. ಪಾದ್ರಿಗಳು ತಡವರಿಸಿ, "ಸಾವಿರದ ಒಂಬೈನೂರ ಹನ್ನೊಂದು, ಮಿಸ್" ಎಂದರು. "ಹಾಗಾದ್ರೆ ಅದು ಬರೀ ನಾನೂರಲ್ಲ. ಇರಲಿ, ಮುಂದುವರಿಸಿ" ಎಂದು ಹೌಟಲಾ ಮಿಸ್ ಅಪ್ಪಣೆ ಕೊಟ್ಟ ಮೇಲೆಯೇ ದೇವರ ವಾಕ್ಯ ಮುಂದೆ ಸಾಗಿದ್ದು.

ನಮ್ಮೂರು ಹ್ಯಾನ್ಕಾಕಿನ ಪ್ರೌಢಶಾಲೆಯಲ್ಲಿ ಅವರು ಮೂವತ್ತೈದು ವರ್ಷ ಗಣಿತ ಕಲಿಸಿದವರು. ನಾನು ಅಲ್ಲಿಗೆ ಬ್ಯಾಂಡ್ ಮೇಷ್ಟ್ರಾಗಿ ಸೇರಿದ್ದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ. ಅಂದಿನಿಂದ ಅವರು ತೀರಿಕೊಳ್ಳುವ ತನಕ, ಅಂದರೆ ನಲವತ್ತಾರು ವರ್ಷ, ಅವರ ಪಾಲಿಗೆ ನಾನು ಕೇವಲ "ಬ್ಯಾಂಡ್ ಮೇಷ್ಟ್ರೇ" ಆಗಿ ಉಳಿದೆ. ಕೃಶಕಾಯ, ನೇರವಾದ ಬೆನ್ನು, ಬಿಳಿಯ ಹುಬ್ಬುಗಳ ಕೆಳಗೆ ಸರೋವರದ ನೀರಿನಂಥ ತಣ್ಣನೆಯ ಕಣ್ಣು. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮೈಮೇಲೆ ತಂದೆಯ ಹಳೆಯ ಉಣ್ಣೆಯ ಕೋಟು. ಕೆಂಪು ಕಪ್ಪು ಚೌಕಳಿಯ ಆ ಕೋಟಿನ ಭುಜಗಳು ಅವರ ಭುಜಗಳನ್ನು ದಾಟಿ ಎರಡೂ ಕಡೆ ನಾಲ್ಕು ಬೆರಳು ಆಚೆ ಚಾಚಿಕೊಂಡಿರುತ್ತಿದ್ದವು. ನಿವೃತ್ತರಾಗಿ ಇಪ್ಪತ್ತು ವರ್ಷ ಕಳೆದ ಮೇಲೂ ಅದರ ಎಡಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳಿದ್ದವು. ಹಿಮಗಟ್ಟಿದ ನಮ್ಮ ಏರುರಸ್ತೆಗಳಲ್ಲಿ ಎಲ್ಲರೂ ಚಳಿಗಾಲದಲ್ಲಿ ಪಾದವನ್ನು ಚಪ್ಪಟೆಯಾಗಿ ಊರಿ ಪುಟ್ಟ ಹೆಜ್ಜೆಯಿಡುತ್ತಾರೆ. ಹೌಟಲಾ ಮಿಸ್ ಉರಿಬಿಸಿಲಿನ ಜುಲೈನಲ್ಲೂ ಹಾಗೆಯೇ ನಡೆಯುತ್ತಿದ್ದರು. ಯಾಕೆ ಮಿಸ್ ಎಂದರೆ, "ಜುಲೈನಲ್ಲಿ ಅಭ್ಯಾಸ ತಪ್ಪಿದ್ರೆ ನವೆಂಬರ್‌ನಲ್ಲಿ ಸೊಂಟ ಮುರಿಯುತ್ತೆ" ಎನ್ನುವರು. ಹಾಗಾಗಿ ಊರಿನ ಹುಡುಗರು ಬೇಸಿಗೆಯಲ್ಲಿ ಅವರ ಹಿಂದೆ ಸಾಲಾಗಿ ಅದೇ ನಡಿಗೆಯಲ್ಲಿ ಹೋಗುವುದಿತ್ತು. ಅವರು ತಿರುಗಿ ನೋಡಿ, ಯಾರ ಹೆಜ್ಜೆ ತಪ್ಪಾಗಿದೆಯೋ ಅವನನ್ನು ತಿದ್ದಿ ಮುಂದೆ ನಡೆಯುತ್ತಿದ್ದರು.

ವರ್ಷ ಕೇಳುವ ಆ ಚಾಳಿಯ ಮೂಲ ನನಗೆ ತಿಳಿದದ್ದು ನಾನು ಬಂದು ಎರಡು ವರ್ಷವಾದ ಮೇಲೆ, ಉಪಾಧ್ಯಾಯರ ಕೊಠಡಿಯಲ್ಲಿ, ಶಾಲೆಗೆ ಹಿಮದ ರಜೆ ಘೋಷಣೆಯಾಗಿ ಬಸ್ಸುಗಳಿಗಾಗಿ ಕಾಯುತ್ತಿದ್ದ ಒಂದು ಮಧ್ಯಾಹ್ನ. ಅವರ ತಂದೆ ತಾಮ್ರದ ಗಣಿಯಲ್ಲಿ ದುಡಿದು, ಸಾವಿರದ ಒಂಬೈನೂರ ಅರವತ್ತಾರರಲ್ಲಿ ತಿಂಗಳಿಗೆ ನೂರಹನ್ನೆರಡು ಡಾಲರಿನ ಪಿಂಚಣಿಯೊಂದಿಗೆ ಮನೆಗೆ ಬಂದವರು. ಆ ಕಾಲಕ್ಕೆ ಅದು ಗೌರವದ ಮೊತ್ತ. ಸಹಕಾರಿ ಅಂಗಡಿಯ ಮೂಲೆಯ ಮೇಜಿನಲ್ಲಿ ಗಣಿಯ ಹಳೆಯ ಗೆಳೆಯರು ಏಳೆಂಟು ಮಂದಿ ಬೆಳಗ್ಗೆ ಕೂಡುತ್ತಿದ್ದರು. ಸರದಿಯ ಮೇಲೆ ಒಬ್ಬೊಬ್ಬರು ಎಲ್ಲರಿಗೂ ಕಾಫಿ ಕೊಡಿಸುವುದು ಪದ್ಧತಿ. ಹೌಟಲಾ ಮನೆಯವರಂತೆ ಫಿನ್‌ಲೆಂಡಿನಿಂದ ಬಂದವರ ಮಕ್ಕಳಿಗೆ ಕಾಫಿಯೆಂದರೆ ಪ್ರಾಣ. ಎಪ್ಪತ್ತೇಳರಲ್ಲಿ ಕಾಫಿಯ ಬೆಲೆ ಗಗನಕ್ಕೇರಿದಾಗ ತಂದೆ ಇದ್ದಕ್ಕಿದ್ದಂತೆ, ಕಾಫಿ ಹೊಟ್ಟೆಗೆ ಒಗ್ಗುತ್ತಿಲ್ಲ ಎಂದು ಆ ಮೇಜಿಗೆ ಹೋಗುವುದನ್ನು ಬಿಟ್ಟರು. ಆದರೂ ಬೆಳಗ್ಗೆ ಅದೇ ಹೊತ್ತಿಗೆ ಕೋಟು ಹಾಕಿಕೊಂಡು ಹೊರಡುತ್ತಿದ್ದರು. ಮಗಳು ಒಂದು ದಿನ ಕಾರು ನಿಲ್ಲಿಸಿ ನೋಡಿದರೆ, ಆತ ಕಾಲುವೆಯ ಸೇತುವೆಯ ಬಳಿ ಗಾಳಿಗೆ ಬೆನ್ನು ಕೊಟ್ಟು, ಗೆಳೆಯರೆಲ್ಲ ಎದ್ದು ಹೋಗುವ ಹೊತ್ತಾಗುವುದನ್ನೇ ಕಾಯುತ್ತ ನಿಂತಿದ್ದರಂತೆ.

"ಅಪ್ಪನ ದುಡ್ಡನ್ನ ಯಾರೂ ಕದೀಲಿಲ್ಲ, ಮೇಷ್ಟ್ರೇ," ಎಂದರು ಹೌಟಲಾ ಮಿಸ್, ಕಿಟಕಿಯಾಚೆಯ ಹಿಮವನ್ನು ನೋಡುತ್ತ. "ಒಂದು ಸೆಂಟೂ ಕಮ್ಮಿ ಆಗ್ಲಿಲ್ಲ. ತಿಂಗಳು ತಿಂಗಳು ಅದೇ ನೂರಹನ್ನೆರಡು ಬಂತು. ಅದೇ ನೋಡಿ ತೊಂದರೆ."

ಈ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ. ಆದರೆ ತೊಂಬತ್ತೇಳರ ಜನವರಿಯಲ್ಲಿ ಬೆಲೆಯೇರಿಕೆಗೆ ತಕ್ಕಂತೆ ಅಸಲೇ ಬೆಳೆಯುವ ಸರ್ಕಾರಿ ಬಾಂಡುಗಳು ಮೊದಲಬಾರಿಗೆ ಹೊರಬಂದಾಗ, ಆ ಸುದ್ದಿಯ ತುಣುಕನ್ನು ಫುಟ್‌ಬಾಲ್ ಪಂದ್ಯದ ಅಂಕಗಳನ್ನು ಅಂಟಿಸುವ ಫಲಕದ ನಟ್ಟನಡುವೆ ಅವರು ಅಂಟಿಸಿದ್ದನ್ನು ಕಂಡು ನನಗೆ ಮಾತ್ರ ಸೇತುವೆಯ ಬಳಿ ಕಾಯುತ್ತ ನಿಂತಿದ್ದ ಅವರ ತಂದೆಯ ನೆನಪಾಯಿತು. ಆಗ ಊರಿಗೆ ಊರೇ ಕಂಪ್ಯೂಟರ್ ಕಂಪನಿಗಳ ಶೇರಿನ ಹುಚ್ಚಿನಲ್ಲಿತ್ತು. ನಮ್ಮ ವ್ಯಾಯಾಮದ ಮೇಷ್ಟ್ರು ಬಟನ್ ಒತ್ತಿ ಶ್ರೀಮಂತನಾಗುತ್ತಿದ್ದ ದಿನಗಳವು. "ಮಿಸ್, ನಿಮ್ಮ ಬಾಂಡು ಹತ್ತು ವರ್ಷ ದುಡಿಯೋದನ್ನ ನನ್ನ ಶೇರು ಒಂದೇ ವಾರದಲ್ಲಿ ದುಡೀತು" ಎಂದು ಅವನು ಕೆಣಕಿದರೆ, "ಭೇಷ್! ಅದು ನಿಲ್ಲೋ ದಿನ ಯಾವುದು ಅಂತ ಹೇಳಪ್ಪ, ನಾನೂ ಬರ್ತೀನಿ" ಎಂದರು. ಅವನು ನಕ್ಕ. ಮೂರು ವರ್ಷದ ಬಳಿಕ ಶೇರು ಕುಸಿದು ಅವನ ನಗು ಇಂಗಿತು. ಆದರೆ ಹೌಟಲಾ ಮಿಸ್ ಆ ಮಾತನ್ನು ಅವನಿಗೆ ನೆನಪಿಸಲಿಲ್ಲ.

ಅವರಿಗೆ ಹಣದ ಆಸೆ ಇತ್ತೆಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಅವರಿಗಿದ್ದದ್ದು ಒಬ್ಬ ತಮ್ಮ. ರೈನೊ ಅವರಿಗಿಂತ ಎಂಟು ವರ್ಷ ಚಿಕ್ಕವನು; ನಾಲ್ಕನೆಯ ವಯಸ್ಸಿನಲ್ಲಿ ಮಿದುಳಿಗೆ ಏರಿದ ಜ್ವರದಿಂದ ಬದುಕಿ ಉಳಿದರೂ ಬುದ್ಧಿ ಅಲ್ಲೇ ನಿಂತುಬಿಟ್ಟಿತು. ಎತ್ತರದ ಆಳು, ಹಸುಗೂಸಿನ ಮುಖ, ಬಿಸಿ ಏಲಕ್ಕಿ ಬ್ರೆಡ್ಡು ಕಂಡರೆ ಕಣ್ಣರಳಿಸುವ ಜೀವ. ಅಂಚೆ ಕಚೇರಿಯ ಮುಂದಿನ ಹಿಮ ಬಾಚುವುದು ಅವನ ಕೆಲಸ. ಅಕ್ಕ ಮದುವೆಯಾಗದೆ ಉಳಿದದ್ದು ಅವನಿಗಾಗಿಯೋ ಅಲ್ಲವೋ ನಾನರಿಯೆ; ಕೇಳುವ ಧೈರ್ಯ ನಮ್ಮೂರಿನಲ್ಲಿ ಯಾರಿಗೂ ಇರಲಿಲ್ಲ. ತಾನು ಹೋದ ಮೇಲೆ ಇವನು ಇನ್ನೆಷ್ಟು ವರ್ಷ, ಆ ಒಂದೊಂದು ವರ್ಷದ ಊಟಕ್ಕೆ, ಬೆಂಕಿಗೆ, ಔಷಧಕ್ಕೆ ಆಯಾ ವರ್ಷದ ಡಾಲರು ಎಷ್ಟು ಬೇಕಾದೀತು ಎಂಬ ಒಂದೇ ಗಣಿತವನ್ನು ಅವರು ಬದುಕಿಡೀ ಬಿಡಿಸುತ್ತಿದ್ದರು. ವರ್ಷಕ್ಕೊಂದು ಬಾಂಡು ಮುಗಿದು ಕೈಗೆ ಬರುವಂತೆ ಜೋಡಿಸಿಡುವುದನ್ನು ಆ ವ್ಯವಹಾರದವರು ಏಣಿ ಕಟ್ಟುವುದು ಎನ್ನುತ್ತಾರೆ. ಹೌಟಲಾ ಮಿಸ್ ತಮ್ಮನ ತೊಂಬತ್ತನೆಯ ವರ್ಷದವರೆಗೆ ಏಣಿ ಕಟ್ಟಲು ಹೊರಟಿದ್ದರು.

ನಿವೃತ್ತಿಯ ನಂತರ ಪ್ರತಿ ಮಂಗಳವಾರ ಹತ್ತು ಗಂಟೆಗೆ ಊರ ಗ್ರಂಥಾಲಯದ ಕಿಟಕಿ ಮೇಜಿನಲ್ಲಿ ಅವರು ಇದನ್ನೇ ಇತರರಿಗೂ ಕಲಿಸತೊಡಗಿದರು. ವಿಧವೆಯರು, ನಿವೃತ್ತ ನರ್ಸುಗಳು, ಒಬ್ಬ ದೋಣಿ ರಿಪೇರಿಯವನು. ಅಲ್ಲಿಗೆ ಕಲಿಯಲು ಬರುವುದಕ್ಕಿಂತ ಹೆಚ್ಚಾಗಿ ತಗಾದೆ ತೆಗೆಯಲು ಬರುತ್ತಿದ್ದವಳು ಥೆಲ್ಮಾ ಟ್ರೆವಾರೋ. ಕಡಲಾಚೆಯ ಕಾರ್ನ್‌ವಾಲಿನಿಂದ ಬಂದ ಗಣಿಕಾರರ ವಂಶದವಳು, ಒಂದನೇ ತರಗತಿಯಿಂದ ಹೌಟಲಾ ಮಿಸ್ಸಿನ ಗೆಳತಿ, ಸ್ವಭಾವದಲ್ಲಿ ಉತ್ತರ ದಕ್ಷಿಣ. ದಪ್ಪ ದನಿ, ದಪ್ಪ ಕೈ. ಅವಳು ಮಾಂಸ, ಆಲೂಗಡ್ಡೆ ತುಂಬಿ ಸುಡುವ ಪ್ಯಾಸ್ಟಿ ತಿಂದವರು ಸಂಜೆಯವರೆಗೆ ಬೇರೇನೂ ಕೇಳುತ್ತಿರಲಿಲ್ಲ. ಅವಳ ಗಂಡ ಶಾಲಾ ಬಸ್ಸಿನ ಡ್ರೈವರ್ ಕ್ಲಾರೆನ್ಸ್ ಎರಡು ಸಾವಿರದ ಇಪ್ಪತ್ತರಲ್ಲಿ ತೀರಿಕೊಂಡು ಕೈಗೆ ವಿಮೆಯ ಹಣ ಬಂತು. ಬೆಟ್ಟದ ಮೇಲಿನ ಮನೆಯ ಮೆಟ್ಟಿಲು ಮೊಣಕಾಲಿಗೆ ಆಗುತ್ತಿಲ್ಲ, ಎರಡು ವರ್ಷದಲ್ಲಿ ಕಾಲುವೆಯ ದಂಡೆಯ ಮೇಲೆ ಏಳುತ್ತಿರುವ ಕಟ್ಟಡದಲ್ಲಿ ನೆಲಮಟ್ಟದ ಫ್ಲಾಟು ಕೊಳ್ಳಬೇಕು ಎಂದು ಅವಳ ಬಯಕೆ. "ಅಲ್ಲೀತನಕ ಈ ದುಡ್ಡು ಕರಗಬಾರ್ದು ಕಣೇ ಐಲಿ" ಎಂದಳು; ಹೌಟಲಾ ಮಿಸ್ಸನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಅವಳೊಬ್ಬಳೇ. "ಬೆಲೆಯೇರಿಕೆಯಿಂದ ಕಾಪಾಡೋ ಸರ್ಕಾರಿ ಬಾಂಡು ತಗೋ" ಎಂದರು ಹೌಟಲಾ ಮಿಸ್. ಬಾಂಡು ಕೊಳ್ಳುವ ಪರಿಯನ್ನು ಮುಂದಿನ ಮಂಗಳವಾರ ಹೇಳುವವರಿದ್ದರು. ಥೆಲ್ಮಾ ಮಂಗಳವಾರದವರೆಗೆ ಕಾಯುವವಳಲ್ಲ. ಫೋನಿನಲ್ಲೇ ಆ ಹೆಸರಿನ ಒಂದು ಫಂಡನ್ನು ಕೊಂಡುಬಿಟ್ಟಳು. ಅದೂ ಅಂಥ ಬಾಂಡುಗಳದೇ. ಆದರೆ ಕೊನೆಯಿಲ್ಲದ ಫಂಡು, ಹಳೆಯದನ್ನು ಮಾರುತ್ತ ಹೊಸದನ್ನು ಕೊಳ್ಳುತ್ತ ನಿರಂತರ ಸಾಗುವಂಥದ್ದು. "ತಗೊಂಡೆ ಕಣೇ" ಎಂದಾಗ ಏನನ್ನು ಎಂದು ಹೌಟಲಾ ಮಿಸ್ ಕೇಳಲಿಲ್ಲ. ಜಗತ್ತಿನ ಪ್ರತಿಯೊಬ್ಬರಿಗೂ ಮರುಪ್ರಶ್ನೆ ಹಾಕುವ ಹೆಂಗಸು ಅದೊಂದು ದಿನ ಹಾಕಲಿಲ್ಲ.

ಇಪ್ಪತ್ತೆರಡರಲ್ಲಿ ನಾಲ್ಕು ದಶಕದಲ್ಲಿ ಕಾಣದ ಬೆಲೆಯೇರಿಕೆ ಬಂತು. ಅದನ್ನು ಹಿಡಿಯಲು ಬಡ್ಡಿ ದರ ಏರಿತು. ಹೊಸ ಬಾಂಡಿಗೆ ಹೆಚ್ಚು ಬಡ್ಡಿ ಸಿಗತೊಡಗಿದಂತೆ ಹಳೆಯ ಬಾಂಡುಗಳ ಮಾರುಕಟ್ಟೆ ಬೆಲೆ ಕುಸಿಯಿತು. ಬಾಂಡು ಮುಗಿಯುವ ದಿನದವರೆಗೆ ಕಾಯಬಲ್ಲವರಿಗೆ ಆ ಕುಸಿತ ಲೆಕ್ಕಕ್ಕಿಲ್ಲ. ಥೆಲ್ಮಾಳ ಫಂಡಿಗೆ ಮುಗಿಯುವ ದಿನವೇ ಇರಲಿಲ್ಲ. ಫ್ಲಾಟಿಗೆ ಹಣ ಕಟ್ಟಬೇಕಾದ ತಿಂಗಳು ಅವಳು ತೆಗೆದು ನೋಡಿದರೆ ಏಳರಲ್ಲಿ ಒಂದು ಪಾಲು ಮಾಯ, ಇತ್ತ ಫ್ಲಾಟಿನ ಬೆಲೆ ಮೇಲಕ್ಕೆ. ಕಾಲುವೆಯ ದಂಡೆಯ ಆ ಮನೆ ಬೇರೆಯವರ ಪಾಲಾಯಿತು.

ಸಹಕಾರಿ ಅಂಗಡಿಯಲ್ಲಿ, ಹತ್ತು ಜನರೆದುರು, ಥೆಲ್ಮಾ ಸಿಡಿದಳು. ನಾನು ಪಕ್ಕದಲ್ಲೇ ಇದ್ದೆ. "ಬೆಲೆ ಏರಿದಾಗ ಕಾಪಾಡತ್ತೆ ಅಂದ್ಯಲ್ಲೇ! ಎಲ್ಲಾದರ ಬೆಲೆನೂ ಏರ್ತು, ನನ್ನದೊಂದೇ ಇಳೀತು. ನಿನ್ನ ಬುದ್ಧಿವಂತಿಕೆ ನಿನ್ನ ಹತ್ರಾನೇ ಇಟ್ಕೊಳ್ಳೇ ತಾಯಿ, ನಮ್ಮಂಥ ದಡ್ಡರಿಗೆ ಬೇಡ!" ಹೌಟಲಾ ಮಿಸ್ ಕೈಲಿದ್ದ ಬುಟ್ಟಿಯನ್ನು ಕೆಳಗಿಟ್ಟರು, ಏನೋ ಹೇಳಹೊರಟರು, ಹೇಳದೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೊರನಡೆದರು. ನಾನು ಹಿಂದೆಯೇ ಓಡಿ, "ನೀವು ಹೇಳಿದ್ದು ಬಾಂಡು, ಅವಳು ತಗೊಂಡಿದ್ದು ಫಂಡು. ನಿಮ್ಮ ತಪ್ಪೇನಿದೆ ಮಿಸ್?" ಎಂದೆ. ಅವರು ನಿಂತರು. "ನಾನು ಹೇಳಿದ್ದು ಸರೀನೇ ಮೇಷ್ಟ್ರೇ. ಅವಳು ಕೇಳಿಸ್ಕೊಂಡಿದ್ದೇನು ಅಂತ ನೋಡೋದೂ ಮೇಷ್ಟ್ರ ಕೆಲಸ. ಮೂವತ್ತೈದು ವರ್ಷ ಅದಕ್ಕೇ ಸಂಬಳ ತಗೊಂಡೆ" ಎಂದರು.

ಅಲ್ಲಿಂದ ಒಂದು ವರ್ಷ ಗ್ರಂಥಾಲಯದ ಆ ಮೇಜು ಖಾಲಿ ಉಳಿಯಿತು. ಭಾನುವಾರ ಚರ್ಚಿನಲ್ಲಿ ಇಬ್ಬರೂ ಒಂದೇ ಸಾಲಿನ ಎರಡು ತುದಿಗಳಲ್ಲಿ ಕೂರುತ್ತಿದ್ದರು. ನಡುವೆ ರೈನೊ, ಒಮ್ಮೆ ಇತ್ತ ಒಮ್ಮೆ ಅತ್ತ ನೋಡುತ್ತ. ಆ ಚಳಿಗಾಲ ಹೌಟಲಾ ಮಿಸ್ಸಿಗೆ ಹೃದಯದ ತೊಂದರೆ ಶುರುವಾಯಿತು. ಮೆಟ್ಟಿಲು ಹತ್ತಬಾರದು, ಚಳಿಯಲ್ಲಿ ಏರು ನಡೆಯಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಇಪ್ಪತ್ತಮೂರರ ಶರತ್ಕಾಲದ ಒಂದು ಬೆಳಗ್ಗೆ ಅವರು ನನ್ನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಹಾಳೆ. ಅದರ ತಲೆಯಲ್ಲಿ ಅವರ ದುಂಡಗಿನ ಅಕ್ಷರದಲ್ಲಿ "ನಾನು ಹೇಳದೆ ಬಿಟ್ಟದ್ದು" ಎಂದಿತ್ತು. ಒಂದೇ ವರ್ಷದಲ್ಲಿ ಮುಗಿಯುವ ಬಾಂಡುಗಳನ್ನಷ್ಟೇ ಒಟ್ಟುಹಾಕಿ, ಆ ವರ್ಷ ಬಂದಾಗ ತಾವೇ ಮುಚ್ಚಿಕೊಂಡು ಹಣವನ್ನು ಹಿಂದಿರುಗಿಸುವ ಹೊಸ ಬಗೆಯ ಫಂಡುಗಳು ಈ ಬೆಲೆಯೇರಿಕೆಯ ಬಾಂಡುಗಳಿಗೂ ಬಂದಿವೆ, ವರ್ಷಕ್ಕೊಂದರಂತೆ, ಎಂದು ಏದುಸಿರು ಬಿಡುತ್ತ ಹೇಳಿದರು. ನನಗೆ ಅರ್ಥವಾದದ್ದು ಅರ್ಧ. "ಥೆಲ್ಮಾ ಮನೆಗೆ ಹೋಗ್ಬೇಕು. ನಡೀರಿ." ಕಾರಿನಲ್ಲಿ ಹೋಗೋಣವೆಂದೆ. ಆದರೆ ಮೊದಲ ಹಿಮ ಬಿದ್ದಿತ್ತು. ಅವಳ ಬೀದಿಯ ಏರಿನಲ್ಲಿ ನನ್ನ ಕಾರು ಅರ್ಧಕ್ಕೆ ನಿಂತು ಹಿಂದೆ ಜಾರಿತು. ಉಳಿದ ದಾರಿಯನ್ನು ಅವರು ನನ್ನ ತೋಳು ಹಿಡಿದು, ಐದು ಹೆಜ್ಜೆಗೊಮ್ಮೆ ನಿಂತು, ಹತ್ತಿದರು.

ಥೆಲ್ಮಾ ಬಾಗಿಲು ತೆರೆದವಳು ಒಳಗೆ ಕರೆಯಲಿಲ್ಲ. ಹೌಟಲಾ ಮಿಸ್ ಹೊಸ್ತಿಲಾಚೆಯೇ ನಿಂತು, "ಥೆಲ್ಮಾ, ನಾನು ನಿನಗೆ ಅರ್ಧ ಪಾಠ ಹೇಳಿದೆ" ಎಂದರು.

"ಇಷ್ಟು ಬೇಗ ಗೊತ್ತಾಯ್ತಾ!" ಎಂದಳು ಥೆಲ್ಮಾ. ಆಮೇಲೆ ಗೆಳತಿಯ ತುಟಿ ನೀಲಿಗಟ್ಟಿದ್ದು ಅವಳ ಕಣ್ಣಿಗೆ ಬಿತ್ತು. "ಅಯ್ಯೋ, ನಡ್ಕೊಂಡು ಬಂದ್ಯೇನೇ? ಬ್ಯಾಂಡ್ ಮೇಷ್ಟ್ರೇ, ನಿಮಗಾದ್ರೂ ಬುದ್ಧಿ ಬೇಡ್ವಾ? ಬಾ ಒಳಗೆ. ನನ್ನ ಬಾಗ್ಲಲ್ಲೇ ಸತ್ತು ಅದನ್ನೂ ನನ್ನ ತಲೆಗೆ ಕಟ್ಬೇಡ."

ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂರಿಸಿ, ಚಹಾ ಕೊಟ್ಟು, ಹೆಗಲಿಗೆ ಶಾಲು ಹೊದಿಸುತ್ತಲೇ ಅವಳು ಅಂದಳು: "ದುಡ್ಡು ಹೋಗಿದ್ದಕ್ಕಲ್ಲ ಕಣೇ ನಂಗೆ ಸಿಟ್ಟು. ಅವತ್ತು ಅಂಗಡೀಲಿ ಒಂದೇ ಒಂದು ಮಾತು, ತಪ್ಪಾಯ್ತು ಅಂತಾನೋ, ನೀನೇ ದಡ್ಡಿ ಅಂತಾನೋ, ಏನಾದ್ರೂ ಹೇಳಿದ್ರೆ ಆಗ್ತಿತ್ತು. ಬುಟ್ಟಿ ಬಿಟ್ಟು ಹೋದ್ಯಲ್ಲ."

"ಏನು ಹೇಳಿದ್ರೂ ನೆಪ ಹೇಳ್ದಂಗೆ ಇರ್ತಿತ್ತು," ಎಂದರು ಹೌಟಲಾ ಮಿಸ್.

"ನೆಪಾನೇ ಹೇಳ್ಬೇಕಿತ್ತು. ಎಪ್ಪತ್ತು ವರ್ಷದ ಸ್ನೇಹಕ್ಕೆ ಒಂದು ನೆಪ ಹೇಳಕ್ಕಾಗ್ಲಿಲ್ವಾ?"

ಹೌಟಲಾ ಮಿಸ್ಸಿನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಆ ಹಾಳೆಯನ್ನು ಮೇಜಿನ ಮೇಲೆ ಹರಡಿ ಪಾಠ ಆರಂಭಿಸಿದರು, ಈ ಸಲ ಪ್ರತಿ ವಾಕ್ಯದ ನಂತರ ನಿಲ್ಲಿಸಿ, "ಈಗ ನಾನೇನು ಹೇಳಿದೆ, ಹೇಳು" ಎನ್ನುತ್ತ. ಥೆಲ್ಮಾ ಗೊಣಗುತ್ತ ಒಪ್ಪಿಸಿದಳು. ಕೊನೆಗೆ, "ಅಂದ್ರೆ ಇದು ಕೊನೇ ಸ್ಟಾಪ್ ಇರೋ ಬಸ್ಸು. ನಾನು ಹತ್ತಿದ್ದು ಸುಮ್ನೆ ಊರು ಸುತ್ತೋ ಬಸ್ಸು. ಅಲ್ವಾ?" ಎಂದಾಗ ಹೌಟಲಾ ಮಿಸ್ಸಿನ ಮುಖ ಅರಳಿತು. "ಮೂವತ್ತೈದು ವರ್ಷದಲ್ಲಿ ಇಷ್ಟು ಚೆನ್ನಾಗಿ ನಾನೂ ಹೇಳಿರ್ಲಿಲ್ಲ," ಎಂದರು. "ಹೋದದ್ದು ಬರಲ್ಲ ಥೆಲ್ಮಾ. ಇರೋದು ಕರಗಲ್ಲ, ಹೆಚ್ಚುಕಮ್ಮಿ. ಆ ಹೆಚ್ಚುಕಮ್ಮಿ ಅನ್ನೋದನ್ನೂ ಕೇಳಿಸ್ಕೊಂಡೆ ತಾನೇ?"

ಥೆಲ್ಮಾ ಹಳೆಯದನ್ನು ಮಾರಿ ಇಪ್ಪತ್ತೈದರಲ್ಲಿ ಮುಗಿಯುವ ಫಂಡನ್ನು ಕೊಂಡಳು. ಮಂಗಳವಾರದ ಮೇಜು ಮತ್ತೆ ತುಂಬಿತು. ನಡುನಡುವೆ ಬೆಲೆ ಕೊಂಚ ಜಗ್ಗಿದಾಗಲೆಲ್ಲ ಅವಳು ಫೋನು ಮಾಡಿ "ಬಿದ್ದಿದೆ ಕಣೇ!" ಎಂದು ಬೊಬ್ಬೆಯಿಡುವುದು, ಇವರು "ಎಷ್ಟನೇ ಇಸವಿಯದು?" ಎಂದು ಕೇಳಿ, "ಹಾಗಾದ್ರೆ ಆ ಇಸವೀಲಿ ಫೋನ್ ಮಾಡು" ಎಂದು ಇಟ್ಟುಬಿಡುವುದು ಊರಿಗೆಲ್ಲ ವಿನೋದವಾಯಿತು.

ಆ ಚಳಿಗಾಲದಲ್ಲೇ ಅವರು ತಮ್ಮನ ಹಣದ ಹೊಣೆಯನ್ನು ನನಗೆ ವಹಿಸಿದರು. ನಾನು ಗಾಬರಿಯಾಗಿ, "ಮಿಸ್, ನನಗೆ ಮೂರು ತಾಳ ಬಿಟ್ಟು ಬೇರೆ ಲೆಕ್ಕ ಬರಲ್ಲ" ಎಂದೆ. "ಅದಕ್ಕೇ ನಿಮ್ಮನ್ನ ಆರಿಸಿದ್ದು. ಲೆಕ್ಕ ಬರೋವ್ರು ಜಾಣತನ ಮಾಡಕ್ಕೆ ಹೋಗ್ತಾರೆ," ಎಂದರು. ದೂರದ ವರ್ಷಗಳಿಗೆ ಅವರು ಎಂದೋ ಕೊಂಡಿಟ್ಟ ಬಾಂಡುಗಳಿದ್ದವು. ಹತ್ತಿರದ ವರ್ಷಗಳಿಗೆ ಈ ಹೊಸ ಫಂಡುಗಳು, ಯಾರೂ ಮಾರಬೇಕಿಲ್ಲ, ಏನನ್ನೂ ತೀರ್ಮಾನಿಸಬೇಕಿಲ್ಲ, ಆಯಾ ಶರತ್ಕಾಲಕ್ಕೆ ಹಣ ತಾನಾಗಿ ಬರುತ್ತದೆ. ಪಕ್ಕದಲ್ಲಿ ಕೂತಿದ್ದ ರೈನೊ ಆ ಇಸವಿಗಳನ್ನು ಪ್ರಾರ್ಥನೆಯಂತೆ ಕಂಠಪಾಠ ಮಾಡಿದ್ದ. ತನಗೆ ತೊಂಬತ್ತಾಗುವ ಎರಡು ಸಾವಿರದ ನಲವತ್ತೆರಡರವರೆಗೆ ಒಂದೂ ಬಿಡದೆ ಹೇಳಿ ಮುಗಿಸಿ, "ಆಮೇಲೆ, ಅಕ್ಕಾ?" ಎಂದ. "ಆಮೇಲೆ ನಾನು ಬಂದು ಕರ್ಕೊಂಡು ಹೋಗ್ತೀನಿ," ಎಂದರು ಅವರು, ಟೋಪಿಯನ್ನು ಅವನ ಕಿವಿಯವರೆಗೆ ಎಳೆದು.

ಇಪ್ಪತ್ತೈದರ ಏಪ್ರಿಲಿನಲ್ಲಿ, ಕಾಲುವೆಯ ಮಂಜುಗಡ್ಡೆ ಬಿರಿಯುವ ವಾರ, ಮಧ್ಯಾಹ್ನದ ಕಾಫಿಗೆ ಕೂತವರು ಹಾಗೆಯೇ ತಲೆ ವಾಲಿಸಿದರು. ಅಂತ್ಯಕ್ರಿಯೆಯ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ಥೆಲ್ಮಾ ಎದ್ದು ನಿಂತಳು. "ಐಲಿ ಯಾವಾಗ್ಲೂ ಸರಿಯಾಗಿರ್ತಿದ್ಲು. ಅದನ್ನ ಸಹಿಸೋದು ಎಷ್ಟು ಕಷ್ಟ ಅಂತ ನಿಮಗೆಲ್ಲ ಗೊತ್ತು. ಒಂದೇ ಸಲ ತಪ್ಪಿದ್ಲು. ಆಗ ಆ ಹೃದಯ ಹೊತ್ಕೊಂಡು ನನ್ನ ಬೆಟ್ಟ ಹತ್ತಿ ಬಂದ್ಲು" ಎಂದು ಕೂತುಬಿಟ್ಟಳು.

ಅಕ್ಟೋಬರಿನಲ್ಲಿ ಆ ವರ್ಷದ ಫಂಡು ಹೇಳಿದಂತೆಯೇ ಮುಚ್ಚಿ ಹಣ ಬಂತು. ನಾನು ಬೆಳಗ್ಗೆಯಿಂದ ಕನ್ನಡಕ ಒರೆಸಿಕೊಂಡು ಸಿದ್ಧನಾಗಿ ಕೂತಿದ್ದೆ. ಮಾಡಬೇಕಾದದ್ದು ಏನೂ ಇರಲಿಲ್ಲ. ರೈನೊ ಈಗ ಇರುವ ಆಶ್ರಯಮನೆಯ ಆ ವರ್ಷದ ಖರ್ಚಿಗೆ ಅದು ಸರಿಹೋಯಿತು. ಥೆಲ್ಮಾಳಿಗೆ ಕಾಲುವೆ ಕಾಣುವ ಫ್ಲಾಟು ಸಿಗಲಿಲ್ಲ, ಅದೇ ಕಟ್ಟಡದ ಹಿಂಬದಿಯಲ್ಲಿ, ಕಾರು ನಿಲ್ಲಿಸುವ ಜಾಗ ಕಾಣುವ ಫ್ಲಾಟು ಸಿಕ್ಕಿತು. ಮೆಟ್ಟಿಲಿಲ್ಲ. ಭಾನುವಾರ ರೈನೊ ಅಲ್ಲಿಗೆ ಊಟಕ್ಕೆ ಹೋಗುತ್ತಾನೆ, ಕೆಲವೊಮ್ಮೆ ನಾನೂ.

ಇಂಥವರನ್ನು ಲೋಕ ಪುಕ್ಕಲರೆಂದು, ಜಿಪುಣರೆಂದು, ಸಂತೋಷದ ಹೊತ್ತಿನಲ್ಲೂ ಮಳೆಯ ಮಾತೆತ್ತುವವರೆಂದು ಹಗುರಾಗಿ ನೋಡುತ್ತದೆ. ನಾಳೆ ಒಳ್ಳೆಯದೇ ಆದೀತೆಂಬ ಭರವಸೆಯಿಂದ ಬದುಕುವವರ ನಡುವೆ ಇವರ ಎಚ್ಚರ ಅಪಸ್ವರದಂತೆ ಕೇಳುತ್ತದೆ, ನಿಜ. ಆದರೆ ಭವಿಷ್ಯವನ್ನು ನಂಬದಿರುವುದಕ್ಕೂ ಪ್ರೀತಿಸದಿರುವುದಕ್ಕೂ ಬಹಳ ಅಂತರವಿದೆ. ತಾವು ಕಾಣಲಾರದ ದಿನಗಳಲ್ಲಿ ಬಾಳಬೇಕಾದ ಒಂದು ಜೀವವನ್ನು ಮುಂದಿಟ್ಟುಕೊಂಡು ಅವರು ತಮ್ಮ ಭಯವನ್ನೇ ದಿನದಿನವೂ ಅರೆದು, ಸೋಸಿ, ಇನ್ನೊಬ್ಬರ ನೆಮ್ಮದಿಯಾಗಿ ಮಾಡಿಡುತ್ತಾರೆ. ಬದುಕಿರುವಾಗ ಅವರ ಜೊತೆ ಇರುವುದು ಸುಲಭವಲ್ಲ. ಅವರು ಹೋದ ಮೇಲೆ, ಏನೂ ಕೆಡದೆ ಸಾಗಿಹೋಗುವ ಒಂದು ಸಾಧಾರಣ ದಿನದ ನಡುವೆ, ಇದು ಹೀಗೆ ಸಾಗಲೆಂದು ಯಾರೋ ಎಂದೋ ನಿದ್ದೆಗೆಟ್ಟಿದ್ದರೆಂಬುದು ಹೊಳೆದು, ಕೃತಜ್ಞತೆ ಹೇಳಲು ಎದುರಿಗೆ ಯಾರೂ ಇಲ್ಲದೆ ನಾವು ಸುಮ್ಮನೆ ಕೂರುತ್ತೇವೆ.